ಮೊಮ್ಮಗಳ ನಾಲಿಗೆಯ ಮಚ್ಚೆ

ಮೊನ್ನೆ ರಾಬರ್ಟ್‌ಸನ್‌ಪೇಟೆಯಿಂದ ತರಕಾರಿ ತಗೊಂಡು ವಾಪಸ್ ಬರುವಾಗ ನನ್ನ ಮೊಮ್ಮಗಳು ಒಂದು ಮಾತು ಆಡಿದಳು. ಬೇರೆ ಯಾರಾದರೂ ಕೇಳಿದ್ದರೆ ‘ಥೂ, ಬಿಡ್ತು ಅನ್ನು’ ಅಂತ ಬಾಯಿ ಮುಚ್ಚಿಸಿರೋರು. ನನಗೆ ಮಾತ್ರ ಹೊಟ್ಟೆ ತುಂಬಿತು, ಕಣ್ಣೂ ತುಂಬಿಬಿಟ್ಟಿತು. ಅದೇನು ಮಾತು ಅಂತ ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ, ಇದರಲ್ಲಿ ಈ ಮುದುಕಿ ಕುಣಿಯೋ ಅಂಥದ್ದು ಏನಿದೆ ಅಂತೀರಿ. ವರ್ಷಕ್ಕೆ ಹತ್ತಿರವಾಯಿತು, ಆ ಮಗು ತನಗೆ ಕಂಡದ್ದನ್ನ ಬಾಯಿ ಬಿಟ್ಟು ಹೇಳುವುದನ್ನೇ ನಿಲ್ಲಿಸಿಬಿಟ್ಟಿತ್ತು. ಆ ವರ್ಷವನ್ನ ತಿಳಿಯದೆ ಈ ಸಂತೋಷ ತಿಳಿಯುವುದಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು, ಕಾಮಸಮುದ್ರದ ಹತ್ತಿರದ ನಮ್ಮ ಹಳ್ಳಿಯಲ್ಲಿ. ಆಮೇಲೆ ದನ ಕಾಯೋದು, ಹುಲ್ಲು ಕೊಯ್ಯೋದು, ಮದುವೆ. ಮದುವೆಯಾಗಿ ಕೆಜಿಎಫ್‌ಗೆ ಬಂದೆ. ನಮ್ಮ ಯಜಮಾನರು ಗಣಿಯಲ್ಲಿ ಕೆಳಗೆ ಇಳಿಯೋರು. ಗಣಿ ಮುಚ್ಚಿ ಎಷ್ಟೋ ಕಾಲವಾದರೂ ಅವರ ಎದೆಯೊಳಗಿನ ಕಲ್ಲುಧೂಳು ಮಾತ್ರ ಹಾಗೇ ಉಳಿದಿತ್ತು. ಮಗ ಬೆಳಗಿನ ಜಾವದ ಪುಶ್‌ಪುಲ್ ರೈಲಿಗೆ ಹೋಗಿ ಬೆಂಗಳೂರಲ್ಲಿ ಬಣ್ಣ ಹೊಡೆಯೋ ಕೆಲಸ ಮಾಡಿ ರಾತ್ರಿ ಬರುತ್ತಾನೆ. ಸೊಸೆ ಸೀರೆ ಅಂಗಡಿಯಲ್ಲಿ. ಹೀಗಾಗಿ ಮಗು ನಮ್ಮಿಬ್ಬರ ಕೈಯಲ್ಲೇ ಬೆಳೆಯಿತು. ಆಂಡರ್ಸನ್‌ಪೇಟೆಯ ಏರಿನ ಮೇಲೆ ನಮ್ಮ ಮನೆ.

ಬೆಳೆಯಿತು ಅಂದರೆ ಹೇಗೆ! ನಾವು ಬೆಳೆಸಿದೆವು ಅನ್ನೋಕೇ ನಾಚಿಕೆ ಆಗುತ್ತೆ. ಅದು ತಾನೇ ಓಡುತ್ತಿತ್ತು, ನಾವು ಹಿಂದೆ ಏದುಸಿರು ಬಿಡುತ್ತಾ ಹೋಗುತ್ತಿದ್ದೆವು. ಅಂಗನವಾಡಿಗೆ ಹೋಗೋ ವಯಸ್ಸಲ್ಲಿ ಅಂಗಡಿ ಬೋರ್ಡು ಓದೋಳು. ಕನ್ನಡ ಹೋಗಲಿ, ಸ್ಕೂಲಲ್ಲಿ ಹೇಳಿಕೊಡುತ್ತಾರೆ. ಟೈಲರ್ ಅಂಗಡಿಯ ಗೋಡೆ ಕ್ಯಾಲೆಂಡರ್ ನೋಡಿ ತಮಿಳು ಅಕ್ಷರ ಹಿಡಿದಳು. ಬಂಗಾರಪೇಟೆ ಬಸ್‌ಸ್ಟ್ಯಾಂಡಲ್ಲಿ ಕುಪ್ಪಂ ಬಸ್ಸಿನ ಹಣೆ ನೋಡಿ ತೆಲುಗು ಹಿಡಿದಳು. ‘ಅಜ್ಜೀ, ತೆಲುಗು ಅಂದ್ರೆ ಕನ್ನಡಾನೇ ತಲೆ ಮೇಲೆ ಟಿಕ್ ಹಾಕ್ಕೊಂಡಿರೋದು!’ ಅಂದಳು. ಕಂಡಕ್ಟರ್ ನಕ್ಕು ಇವಳಿಗೆ ಟಿಕೆಟೇ ಕೇಳಲಿಲ್ಲ.

ಅದೆಲ್ಲ ಚಂದ. ಆದರೆ ಅವಳ ಕಣ್ಣು ಚಂದದ್ದನ್ನ ಮಾತ್ರ ನೋಡುತ್ತಿರಲಿಲ್ಲವಲ್ಲ. ಎದುರು ಮನೆ ಹುಂಜ ಯಾಕೆ ಕೂಗುತ್ತಿಲ್ಲ, ಹಾಲಿನವಳ ಕಣ್ಣು ಯಾಕೆ ಊದಿದೆ, ಎಲ್ಲಾ ಬೇಕು. ಬೀದಿನಾಯಿ ಕುಂಟಿದರೆ ಊಟ ಬಿಡೋಳು. ‘ಇದೇನೇ ನಿನ್ ಮೊಮ್ಮಗ್ಳು, ಊರ ಭಾರಾನೆಲ್ಲ ತಲೆ ಮೇಲೆ ಒತ್ಕೊಂಡು ಹುಟ್ಟವ್ಳೆ’ ಅಂತ ಬೀದಿಯವರು ನಗೋರು. ನಾನೂ ನಗುತ್ತಿದ್ದೆ.

ದಿನಾ ಸಂಜೆ ತಾತ ಮೊಮ್ಮಗಳು ಇಳಿಜಾರಿಗೆ ಇಳಿದು ಟೀ ಅಂಗಡಿಗೆ ಹೋಗೋರು. ಅವರಿಗೆ ಟೀ, ಅವಳಿಗೆ ಬನ್ನು. ವಾಪಸ್ ಬರೋದು ಏರು. ನಮ್ಮ ಯಜಮಾನರು ತಮಗೆ ಉಸಿರು ಕಟ್ಟುತ್ತದೆ ಅಂತ ಯಾರಿಗೂ ತೋರಿಸಿಕೊಳ್ಳೋರಲ್ಲ. ಮನೆಗೆ ಹತ್ತಿರದ ಬೇವಿನ ಮರ ಬಂದಾಗ ನಿಂತು, ‘ನಾಳೆ ಹಲ್ಲುಜ್ಜೋಕೆ ಕಡ್ಡಿ ಬೇಕು’ ಅಂತ ಕೊಂಬೆ ಹುಡುಕೋರು. ನಮ್ಮ ಮನೆಯಲ್ಲಿ ಒಂದು ಡಬ್ಬಿ ತುಂಬ ಬೇವಿನ ಕಡ್ಡಿ ಒಣಗುತ್ತಾ ಬಿದ್ದಿತ್ತು. ಆಮೇಲೆ ಏರಿನ ಮಧ್ಯದ ಬೀದಿ ನಲ್ಲಿಯ ಹತ್ತಿರವೂ ನಿಲ್ಲೋಕೆ ಶುರುಮಾಡಿದರು. ‘ಯಾವನೋ ನಲ್ಲಿ ಬಿಟ್ ಓಗವ್ನೆ’ ಅಂತ ತಿರುಗಿಸಿದ್ದನ್ನೇ ತಿರುಗಿಸೋರು. ಆಮೇಲೆ ಏರಿನ ಬುಡದಲ್ಲೇ ಇರೋ ಟೈಲರ್ ಜಗಲಿ. ಅಲ್ಲಿ ಚಪ್ಪಲಿಯೊಳಗೆ ಕಲ್ಲು ಸಿಕ್ಕಿಕೊಳ್ಳುತ್ತಿತ್ತು, ದಿನಾ.

ಹೋದ ವರ್ಷದ ಸಂಕ್ರಾಂತಿಗೆ ಯಜಮಾನರ ಅಕ್ಕ ಬಂಗಾರಪೇಟೆಯಿಂದ ಬಂದಿದ್ದರು. ತಾಯಿ ಇಲ್ಲದ ತಮ್ಮನನ್ನ ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದವರು ಅವರು. ಎಲ್ಲರೂ ಎಳ್ಳುಬೆಲ್ಲ ತಿನ್ನುತ್ತಾ ಕೂತಿದ್ದೆವು. ಮಗು ಕಬ್ಬು ಜಗಿಯುತ್ತಾ ಇದ್ದಕ್ಕಿದ್ದ ಹಾಗೆ ಅಂದಳು: ‘ತಾತ, ನೀನು ಮೊದ್ಲು ಬೇವಿನ ಮರದತ್ರ ಮಾತ್ರ ನಿಂತ್ಕೋತಿದ್ದೆ. ಆಮೇಲೆ ನಲ್ಲಿ ಹತ್ರ. ಈಗ ಟೈಲರ್ ಜಗಲಿ. ಇಂಗೇ ಆದ್ರೆ ಯುಗಾದಿ ಒತ್ಗೆ ನೀನು ಮನೆಯಿಂದ ಆಚೆ ಬರೋಕೇ ಆಗಲ್ಲ.’

ಎಲ್ಲರ ಕೈಗಳೂ ತಟ್ಟೆಯಲ್ಲೇ ನಿಂತವು. ಅವಳ ಮುಖದಲ್ಲಿ ತುಂಟತನ ಇರಲಿಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಒಪ್ಪಿಸಿ, ಉತ್ತರ ತಪ್ಪು ಅಂತ ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದಳು. ಅದು ನನಗೆ ಈಗ ಗೊತ್ತಾಗುತ್ತದೆ.

‘ಬಿಡ್ತು ಅನ್ನೇ!’ ಅಂತ ಯಜಮಾನರ ಅಕ್ಕ ಎದ್ದೇಬಿಟ್ಟರು. ‘ಎಲ್ಲಿ, ನಾಲ್ಗೆ ಚಾಚು ನೋಡಾನ.’ ಮಗು ಚಾಚಿತು. ನಾಲಿಗೆಯ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಮಚ್ಚೆ. ಹುಟ್ಟಿದಾಗಿನಿಂದ ಇದೆ. ‘ನೋಡಿದ್ಯಾ, ಕರಿನಾಲ್ಗೆ! ಇಂಥೋರು ಅಂದಿದ್ದು ಆಗ್ದೆ ಇರಲ್ಲ.’

ಯಜಮಾನರು ಜೋರಾಗಿ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮಗುವನ್ನ ಹತ್ತಿರ ಕರೆದರು. ‘ಬಾ ಇಲ್ಲಿ. ನಮ್ ಗ್ಯಾಂಗಲ್ಲಿ ಒಬ್ಬ ವಯಸ್ಸಾದೋನು ಇದ್ದ. ಕೆಳ್ಗೆ ಬಂಡೆಗೆ ಕಿವಿ ಕೊಟ್ಟು, ಡೇ ವಾಂಗಡಾ, ಬರ್ರೋ, ಕಲ್ಲು ಮಾತಾಡ್ತೈತೆ ಅನ್ನೋನು. ಸಾಮಾನು ಬಿಟ್ಟು ಓಡ್ತಿದ್ವಿ. ನಾವು ನಿಂತಿದ್ದ ಜಾಗ್ದಲ್ಲೇ ಬಂಡೆ ಬೀಳೋದು. ಈಗ ಯೇಳು, ಬಂಡೆ ಬೀಳ್ಸಿದ್ದು ಅವನ ನಾಲ್ಗೇನಾ?’

‘ಅಲ್ಲ. ಅವ್ರಿಗೆ ಕೇಳಿಸ್ತು ಅಷ್ಟೆ.’

‘ಆಂ! ಕೇಳಿಸ್ತು, ಯೇಳ್ದ. ಅದಕ್ಕೇ ನಿಮ್ ತಾತ ಇವತ್ತು ಕೂತ್ಕೊಂಡು ಕಬ್ಬು ತಿಂತಾವ್ನೆ.’

ಮಾರನೆ ದಿನದಿಂದ ನಾನೂ ಅವರ ಜೊತೆ ಟೀ ಅಂಗಡಿಗೆ ಹೊರಟೆ. ವಾಪಸ್ ಬರುವಾಗ ಟೈಲರ್ ಜಗಲಿ ಬಂತು. ಅವರು ಚಪ್ಪಲಿಗೆ ಕೈ ಹಾಕಿದರು. ಮೊಮ್ಮಗಳ ಮುಖ ನೋಡಿದರು. ಚಪ್ಪಲಿ ಬಿಟ್ಟು, ‘ಸಾಕಾಯ್ತು ಕಣೇ, ಕೂತ್ಕೊಳಾನ’ ಅಂದರು. ಮೂವರೂ ಜಗಲಿಯ ಮೇಲೆ ಕೂತೆವು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ನನ್ನ ಪಕ್ಕ ಬೀದಿಯಲ್ಲಿ ಹಾಗೆ ಕೂತಿದ್ದೇ ಇಲ್ಲ. ಟೈಲರ್ ಮೆಷಿನ್ ನಿಲ್ಲಿಸಿ, ‘ಏನ್ ಮಾವಾ, ಅತ್ತೇನ ಸಿನಿಮಾಗೆ ಕರ್ಕೊಂಡ್ ಹೊಂಟಿದ್ದೀರಾ?’ ಅಂತ ಕೆಣಕಿದ. ದಿನಾ ಕೂತೆವು. ಗಣಿಯ ಕತೆ, ತಮ್ಮ ತಾಯಿಯ ಕತೆ, ನನಗೂ ಹೇಳಿರದ ಕತೆಗಳನ್ನ ಆ ಜಗಲಿಯಲ್ಲಿ ಹೇಳಿದರು.

ಯುಗಾದಿಗೆ ಅವರು ಮಂಚ ಬಿಟ್ಟು ಏಳಲಿಲ್ಲ. ಬೇವುಬೆಲ್ಲ ಮಂಚದ ಹತ್ತಿರವೇ ಕೊಟ್ಟೆ. ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಹೋಗಿಬಿಟ್ಟರು.

ತಿಥಿಯ ದಿನ ಊಟಕ್ಕೆ ಎಲೆ ಹಾಕಿದ್ದರು. ಮಗು ನೀರು ಬಡಿಸುತ್ತಾ ಬರುತ್ತಿತ್ತು. ಯಜಮಾನರ ಅಕ್ಕ ಎಲೆಯ ಮುಂದೆ ಕೂತು, ತುತ್ತು ಇಳಿಯದೆ, ಎಲ್ಲರಿಗೂ ಕೇಳುವ ಹಾಗೆ ಅಂದರು: ‘ಆ ಕರಿನಾಲ್ಗೆ ನುಡಿದಂಗೇ ಆಯ್ತಲ್ಲ. ಯುಗಾದಿ ಅಂತು, ಯುಗಾದಿಗೇ ಮಲಗ್ಸಿಬಿಡ್ತು ನನ್ ತಮ್ಮನ್ನ.’ ಯಾರೋ ಒಬ್ಬರು ಸುಮ್ಮನಿರಿ ಅಂದರು. ಸಾರು ಬಂತು, ಪಾಯಸ ಬಂತು, ಮಾತು ಬೇರೆ ಕಡೆ ಹೋಯಿತು. ಮಗು ನೀರಿನ ಚೊಂಬನ್ನ ಮೂಲೆಯಲ್ಲಿ ಇಟ್ಟು ಒಳಗೆ ಹೋಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ದುಃಖದಲ್ಲಿ ಜನ ಕೈಗೆ ಸಿಕ್ಕಿದ್ದನ್ನ ಎತ್ತಿ ಬಿಸಾಡುತ್ತಾರೆ. ಅವತ್ತು ಅವರ ಕೈಗೆ ಸಿಕ್ಕಿದ್ದು ನಮ್ಮ ಮಗು.

ಅಲ್ಲಿಂದ ಅವಳು ಮೌನ. ಪೂರ್ತಿ ಮೂಗಿ ಅಲ್ಲ. ಊಟ ಬೇಕಾ ಅಂದರೆ ಹೂಂ, ಸಾಕಾ ಅಂದರೆ ಹೂಂ. ‘ಯಾಕೆ’ ಅನ್ನೋ ಮಾತು ಮಾತ್ರ ನಮ್ಮ ಮನೆಯಿಂದ ಹೊರಟುಹೋಯಿತು. ಬಸ್ಸು ಬಂದರೆ ಬೋರ್ಡು ನೋಡದೆ ನೆಲ ನೋಡೋಳು. ಬಂದವರೆಲ್ಲ ಹೊಗಳಿದರು, ‘ಪರವಾಗಿಲ್ವೇ, ಮಗೂಗೆ ಗಾಂಭೀರ್ಯ ಬಂತು. ಮುಂಚೆ ಎಷ್ಟ್ ಬಾಯಿ ಮಾಡೋದು!’ ಹೊಗಳುವಾಗ ಅವಳು ಇನ್ನೂ ಚಿಕ್ಕದಾಗಿ ನನ್ನ ಸೆರಗಿನೊಳಗೆ ಸೇರೋಳು. ತಾತನ ನೆನಪಿಗೆ ಹಿಂಗಾಗಿದೆ, ದಿನ ಕಳೆದರೆ ಸರಿಹೋಗುತ್ತೆ ಅಂತ ನಾವು ಅಂದುಕೊಂಡೆವು.

ಬೇಸಿಗೆ ರಜೆ ಹೋಗಿ ಸ್ಕೂಲು ಶುರುವಾಯಿತು. ಮಳೆಗಾಲ ಮುಗಿಯೋ ಹೊತ್ತಿಗೆ ಅವಳ ಟೀಚರಮ್ಮ ನನ್ನನ್ನ ಕರೆಸಿದರು. ಮಕ್ಕಳೆಲ್ಲ ಊಟಕ್ಕೆ ಹೋಗಿದ್ದರು. ನಾನು ಬೆಂಚಿನ ತುದಿಯಲ್ಲಿ ಕೂತೆ.

‘ಅಜ್ಜಿ, ಇವಳಿಗೆ ಲೆಕ್ಕ ಬರಲ್ಲ ಅಂತಲ್ಲ. ಬೇಕಂತಲೇ ತಪ್ಪು ಮಾಡ್ತಾಳೆ. ಬೋರ್ಡ್ ಮೇಲೆ ಸರಿಯಾದ ಉತ್ತರ ಬರೆದು, ಅಂಗೈಯಿಂದ ಒರೆಸಿ ತಪ್ಪು ಬರೀತಾಳೆ. ಮನೇಲಿ ಏನಾದ್ರೂ ಆಯ್ತಾ?’

‘ಅವ್ರ ತಾತ ತೀರ್ಕೊಂಡ್ರಮ್ಮ.’

‘ಅದು ಗೊತ್ತು. ಇದು ಬರೀ ದುಃಖ ಅಲ್ಲ ಅನ್ಸುತ್ತೆ. ಇವಳು ಹೆದರಿದ್ದಾಳೆ. ಇಂಥ ಮಕ್ಕಳ ತಲೆ ದೊಡ್ಡೋರ ಥರ ಓಡುತ್ತೆ ಅಜ್ಜಿ. ಎದೆ ಮಾತ್ರ ಎಂಟು ವರ್ಷದ್ದೇ. ನಾವು ತಲೆ ನೋಡಿ ಚಪ್ಪಾಳೆ ತಟ್ತೀವಿ, ಎದೆ ಕಡೆ ನೋಡೋದು ಮರೆತುಬಿಡ್ತೀವಿ.’

‘ಈಗ ನಾನೇನ್ ಮಾಡ್ಲಿ? ನನ್ಗೆ ಓದು ಬರಕಿಲ್ಲ.’

‘ಓದು ನಾನು ನೋಡ್ಕೋತೀನಿ. ನೀವು ಬೈಬೇಡಿ, ಬಲವಂತವಾಗಿ ಬಾಯಿ ಬಿಡಿಸಬೇಡಿ. ನೆಂಟರ ಮುಂದೆ ನಿಲ್ಲಿಸಿ ಮಗ್ಗಿ ಹೇಳಿಸಬೇಡಿ. ಜೊತೇಲಿರಿ ಸಾಕು. ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ.’

ಜೊತೇಲಿರೋದು ನನಗೆ ಬರುತ್ತೆ. ಅದಕ್ಕೆ ಯಾವ ಕ್ಲಾಸೂ ಬೇಡ. ಅವಳು ಎದ್ದಾಗ ಎದ್ದೆ, ಕೂತಾಗ ಕೂತೆ. ಹಾಗಿರೋದರಿಂದಲೇ ಒಂದು ಬೆಳಿಗ್ಗೆ ನನ್ನ ಕಣ್ಣಿಗೆ ಬಿತ್ತು. ಬಚ್ಚಲಿನ ಹತ್ತಿರ ಕೂತು ಅವಳು ನಾಲಿಗೆ ಕೆರೆಯೋ ಪಟ್ಟಿಯಿಂದ ನಾಲಿಗೆ ಕೆರೆಯುತ್ತಿದ್ದಳು. ಮುಗಿಯುತ್ತಲೇ ಇಲ್ಲ. ಹೋಗಿ ನೋಡಿದರೆ ಉಗುಳಿದ ನೀರು ಕೆಂಪಗಿದೆ.

‘ಯೇನೇ ಕಂದಾ ಇದು! ಬಿಡು, ರಕ್ತ ಬತ್ತೈತೆ!’

‘ಓಗ್ತಾ ಇಲ್ಲ ಅಜ್ಜಿ.’

‘ಯೇನು ಓಗ್ತಾ ಇಲ್ಲ?’

‘ಮಚ್ಚೆ.’

ಪಟ್ಟಿ ಕಿತ್ತುಕೊಂಡೆ. ಅವಳನ್ನ ಒದ್ದೆ ನೆಲದ ಮೇಲೇ ತೊಡೆಗೆ ಎಳೆದುಕೊಂಡೆ. ಅವಳು ಅಳಲಿಲ್ಲ. ಲೆಕ್ಕ ಹೇಳುವ ದನಿಯಲ್ಲೇ ಅಂದಳು: ‘ನಾನು ಯೇಳ್ದೆ ಇದ್ದಿದ್ರೆ ತಾತ ಇರ್ತಿತ್ತಲ್ವಾ.’

ಎಂಟು ವರ್ಷದ ಜೀವ ತಿಂಗಳುಗಟ್ಟಲೆ ಆ ಸಾವನ್ನ ತನ್ನ ಬಾಯೊಳಗೆ ಇಟ್ಟುಕೊಂಡು, ದಿನಾ ಬೆಳಿಗ್ಗೆ ಕೆರೆದು ತೆಗೆಯೋಕೆ ನೋಡುತ್ತಿತ್ತು. ಅದೇ ಬಾಯಿಗೆ ನಾನು ಮುದ್ದೆ ಮುರಿದು ಇಡುತ್ತಿದ್ದೆ. ಯಜಮಾನರು ಹೋದ ದಿನವೂ ನನಗೆ ಅಷ್ಟು ಅಳು ಬಂದಿರಲಿಲ್ಲ.

ನಿನ್ನ ಮಾತಿಂದ ಆಗಿದ್ದಲ್ಲ ಅಂತ ಹೇಳಿದೆವು, ಎಲ್ಲರೂ ಹೇಳಿದೆವು. ಸೊಸೆ ಫೋನಲ್ಲಿ ಬಂಗಾರಪೇಟೆಯ ಯಜಮಾನರ ಅಕ್ಕನ ಜೊತೆ ಜಗಳ ಆಡಿದಳು. ಮಗ ಭಾನುವಾರ ಮಗುವನ್ನ ಪಕ್ಕದಲ್ಲಿ ಕೂರಿಸಿಕೊಂಡು ತಾತನ ಎದೆಯ ಎಕ್ಸ್‌ರೇ ತೆಗೆದು ತೋರಿಸಿದ. ‘ಇದು ನೀನು ಹುಟ್ಟೋಕೆ ಮುಂಚೇದು ಮಗಾ. ಆಗ್ಲೇ ಇಷ್ಟ್ ಧೂಳಿತ್ತು.’ ಅವಳು ಅದನ್ನ ಬೆಳಕಿಗೆ ಹಿಡಿದು ನೋಡಿದಳು. ತಲೆ ಆಡಿಸಿದಳು. ಅಪ್ಪ ಕಣ್ಣು ಒರೆಸಿಕೊಳ್ಳುತ್ತಿದ್ದನಲ್ಲ, ಅವನ ಸಮಾಧಾನಕ್ಕೆ ತಲೆ ಆಡಿಸಿದ್ದು ಅಂತ ನನಗೆ ಗೊತ್ತಾಯಿತು. ಮಾತಲ್ಲಿ ಚುಚ್ಚಿಕೊಂಡಿದ್ದು ಮಾತಲ್ಲಿ ಆಚೆ ಬರುತ್ತಿರಲಿಲ್ಲ.

ದಸರಾ ರಜೆಗೆ ಅವಳನ್ನ ನಮ್ಮ ತವರಿಗೆ ಕರಕೊಂಡು ಹೋದೆ. ರೈಲಲ್ಲಿ ಬಂಗಾರಪೇಟೆ, ಅಲ್ಲಿಂದ ಬಸ್ಸು. ತವರಲ್ಲಿ ನನ್ನ ತಮ್ಮ ಇದ್ದಾನೆ, ಅವನ ಮನೆಯಲ್ಲಿ ಹಸು ತುಂಬಿದ ಗಬ್ಬ. ನಾನು ಹುಟ್ಟಿ ಬೆಳೆದದ್ದೇ ದನದ ಬಾಲ ಹಿಡಿದು. ಕೊಟ್ಟಿಗೆಗೆ ಹೋಗಿ ನೋಡಿದ ತಕ್ಷಣ ಗೊತ್ತಾಯಿತು.

‘ಬಾರೇ ಇಲ್ಲಿ, ಮುಟ್ಟಿ ನೋಡು. ಬಾಲದ ಬುಡದಾಗೆ ಎರಡೂ ಕಡೆ ಅಳ್ಳ ಬಿದ್ದೈತೆ. ಕೆಚ್ಚಲು ಬಿಗಿದೈತೆ. ಹುಲ್ಲು ಮುಂದೆ ಇದ್ರೂ ತಿಂತಿಲ್ಲ, ತಿರುಗ್ ತಿರುಗ್ ಹೊಟ್ಟೆ ನೋಡ್ಕೊಂತಾವ್ಳೆ. ಒತ್ತು ಮುಳುಗೋಕ್ ಮುಂಚೆ ಈಯ್ತಾಳೆ.’

ನನ್ನ ತಮ್ಮ ಹಗ್ಗ ಹೊಸೆಯುತ್ತಾ ನಕ್ಕ. ‘ಅಕ್ಕ ಅಂದ್ಮೇಲೆ ಮುಗೀತು. ಹಸೂಗೂ ಭಯ, ಒತ್ತು ಮೀರಿದ್ರೆ ಅಕ್ಕನ್ ಕೈಲಿ ಬೈಸ್ಕೋಬೇಕು ಅಂತ.’

ಮಗು ಅಲ್ಲೇ ಕಲ್ಲಿನ ಮೇಲೆ ಕೂತಿತು. ಊಟಕ್ಕೆ ಕರೆದರೂ ಏಳಲಿಲ್ಲ. ಮುಟ್ಟಿ ನೋಡೋದು, ಕೂರೋದು. ಬಿಸಿಲು ಇಳಿಯೋ ಹೊತ್ತಿಗೆ ಹಸು ಮಲಗಿತು, ಎದ್ದಿತು, ಮತ್ತೆ ಮಲಗಿತು. ಮುಂಗಾಲೆರಡು ಬಂದವು, ಮೂತಿ ಬಂತು, ಜಾರಿ ಕರು ನೆಲಕ್ಕೆ ಬಂತು. ಕೆಂದ ಕರು. ತಾಯಿ ನೆಕ್ಕೋಕೆ ಶುರುಮಾಡಿದ ಮೇಲೆ ನಾನು ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನಾಲಿಗೆ ಚಾಚಿದೆ.

‘ನೋಡು. ಮಚ್ಚೆ ಐತಾ?’

ಅವಳು ಬಗ್ಗಿ ಸರಿಯಾಗಿಯೇ ನೋಡಿದಳು. ‘ಇಲ್ಲ. ಎಲೆ ಅಡ್ಕೆ ಕೆಂಪು ಐತೆ.’

‘ಮತ್ತೆ ನಾನಂದಿದ್ದು ಎಂಗಾಯ್ತು?’

‘ನೀನು ನೋಡಿ ಯೇಳ್ದೆ.’ ಆಮೇಲೆ ಕರುವಿನ ಕಡೆ ನೋಡುತ್ತಾ ಅಂದಳು: ‘ಆದ್ರೆ ಅಜ್ಜಿ, ಕರು ಬರೋದು ಒಳ್ಳೇದು. ಒಳ್ಳೇದನ್ನ ಯಾರ್ ಬೇಕಾದ್ರೂ ಯೇಳ್ಬೋದು. ನಾನು ಯೇಳಿದ್ದು ಕೆಟ್ಟದ್ದು.’

ನೋಡಿ, ಆ ತಲೆ! ಗೆದ್ದೆ ಅಂದುಕೊಂಡಿದ್ದೆ, ಒಂದೇ ಮಾತಲ್ಲಿ ಕೆಡವಿಬಿಟ್ಟಳು. ‘ಗೊತ್ತಿಲ್ಲ’ ಅನ್ನಿ ಅಂದಿದ್ದರಲ್ಲ ಟೀಚರಮ್ಮ. ಹಾಗನ್ನೋಕೆ ಬಾಯಿ ತೆರೆದೆ. ಬಂದಿದ್ದು ಬೇರೆ ಮಾತು.

‘ನಿಮ್ ತಾತ ನಲ್ಲಿ ತಿರುಗಿಸ್ತಿದ್ರಲ್ಲ, ನೆಪ್ಪೈತಾ?’

‘ಊಂ.’

‘ಚಪ್ಲೀಲಿ ಕಲ್ಲು?’

‘ಕಲ್ಲು ಇರ್ತಿರ್ಲಿಲ್ಲ.’

‘ಇರ್ತಿರ್ಲಿಲ್ಲ. ಉಸ್ರು ಕಟ್ಟಿ ಸಾಯೋ ಸಂಕಟ ಪಡ್ತಾ, ಒಬ್ರೇ, ನೆಪ ಉಡುಕ್ತಾ ನಿಂತ್ಕೋತಿದ್ರು. ನಮ್ಗೆಲ್ಲ ಗೊತ್ತಿತ್ತು. ಗೊತ್ತಿಲ್ದಂಗೆ ಇದ್ವಿ. ಯೇಳಿದ್ದು ನೀನೊಬ್ಳೇ. ನೀನು ಯೇಳಿದ್ ಮಾರ್ನೆ ದಿನಾನೇ ಅವ್ರು ನನ್ ಪಕ್ಕ ಜಗಲಿ ಮೇಲೆ ಕೂತ್ರು. ಸಾಕಾಯ್ತು ಅಂದ್ರು. ಅಷ್ಟ್ ವರ್ಷಕ್ಕೆ ಮೊದಲ್ನೇ ಸಲ ಅಂದ್ರು. ಸಂಕ್ರಾಂತಿಯಿಂದ ಅವ್ರು ಮಲಗೋ ಗಂಟ ದಿನಾ ಸಂಜೆ ಕೂತ್ವಿ. ಆ ಸಂಜೆಗಳ್ನ ನನ್ಗೆ ಕೊಟ್ಟಿದ್ದು ನಿನ್ ನಾಲ್ಗೆ ಕಣೇ.’

ಅವಳು ತಾತ ಹೋದ ಮೇಲೆ ಮೊದಲ ಸಲ ಅತ್ತಳು. ಚಿಕ್ಕ ಮಗುವಿನ ಹಾಗೆ ಬಾಯಿ ಅಗಲಿಸಿ, ‘ನಂಗೆ ತಾತ ಬೇಕು’ ಅಂತ ಅತ್ತಳು. ನನಗೂ ಬೇಕು ಅಂತ ನಾನೂ ಅತ್ತೆ. ನನ್ನ ತಮ್ಮ ಕರುವಿನ ಮೈ ಒರೆಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡ.

ಅವತ್ತಿಗೆ ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ನಾಲಿಗೆ ಕೆರೆಯೋದು ನಿಂತಿತು. ಟೀಚರಮ್ಮ ಅವಳಿಗೆ ಅಂತ ದೊಡ್ಡ ಕ್ಲಾಸಿನ ಲೆಕ್ಕ ಕೊಡುತ್ತಾರೆ, ಆಟದ ಪೀರಿಯಡ್‌ನಲ್ಲಿ ಮಾತ್ರ ಕಡ್ಡಾಯವಾಗಿ ಬಯಲಿಗೆ ಅಟ್ಟುತ್ತಾರೆ. ಸ್ಕೂಲಲ್ಲಿ ಸರಿ ಉತ್ತರ ಬರೆಯುತ್ತಾಳೆ. ಮನೆಯಲ್ಲಿ ಮಾತ್ರ, ನಮ್ಮ ಬಗ್ಗೆ ಏನಾದರೂ ಕಂಡರೆ, ತುಟಿ ಬಿಗಿ ಹಿಡಿಯೋಳು. ಮಗ ಕೆಮ್ಮಿದರೆ ಅವಳ ಕಣ್ಣು ಹೋಗುತ್ತೆ, ಬಾಯಿ ತೆರೆಯಲ್ಲ. ಕಾದೆ. ಸಂಕ್ರಾಂತಿ ಬಂತು, ಹೋಯಿತು. ಯಜಮಾನರ ಅಕ್ಕ ಬಂದು ಮಗುವಿನ ಜಡೆಗೆ ತಾವೇ ತಂದ ಕನಕಾಂಬರ ಮುಡಿಸಿ, ಮುಖ ನೋಡಲಾರದೆ, ಬೆನ್ನ ಹಿಂದೆ ನಿಂತೇ ಇದ್ದರು.

ಈಗ ಮೊನ್ನೆಯದು. ನಾವಿಬ್ಬರೂ ತರಕಾರಿ ಚೀಲ ಹಿಡಿದು ಏರು ಹತ್ತುತ್ತಿದ್ದೆವು. ಜಗಲಿ ದಾಟಿದೆವು, ನಲ್ಲಿ ದಾಟಿದೆವು. ಬೇವಿನ ಮರದ ಹತ್ತಿರ ನಾನು ಚೀಲ ಕೆಳಗಿಟ್ಟು, ‘ಈ ಕೈ ನೋಯ್ತೈತೆ ಕಣೇ, ಆ ಕೈಗೆ ತಗೊಂತೀನಿ’ ಅಂದೆ.

ಅವಳು ಚೀಲ ಎತ್ತಿ ನೋಡಿದಳು. ನನ್ನ ಮುಖ ನೋಡಿದಳು.

‘ಚೀಲ ಭಾರ ಇಲ್ಲ ಅಜ್ಜಿ. ನೀನು ಉಸ್ರಿಗೆ ನಿಂತ್ಕೊಂಡೆ. ಓದ್ ತಿಂಗ್ಳು ಇಲ್ಲಿ ನಿಂತ್ಕೋತಿರ್ಲಿಲ್ಲ.’

ಅಂದವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ಇಷ್ಟಗಲ.

ಆ ಕೈಗಳನ್ನ ನಾನು ಒಂದೊಂದಾಗಿ ತೆಗೆದೆ. ಬೀದಿ ಅನ್ನೋದು ಮರೆತು ಅವಳ ಕೆನ್ನೆ, ಹಣೆ, ಬಾಯಿ ಎಲ್ಲಾ ಮುದ್ದಿಟ್ಟೆ. ‘ಯೇಳು ನನ್ ತಾಯಿ. ಇನ್ನೊಂದ್ ಸಲ ಯೇಳು.’

ಸಣ್ಣ ದನಿಯಲ್ಲಿ ಇನ್ನೊಂದು ಸಲ ಹೇಳಿದಳು. ಆಮೇಲೆ, ‘ಡಾಕ್ಟ್ರತ್ರ ಓಗಾಣ ಅಜ್ಜಿ. ಬೇಗ’ ಅಂದಳು.

‘ಓಗಾಣ. ಮೊದ್ಲು ಕೂತ್ಕೊಳಾಣ. ಸಾಕಾಯ್ತು ನನ್ಗೆ.’

ಬೇವಿನ ಬುಡದಲ್ಲಿ ಕೂತೆವು. ಎದೆ ಹೊಡೆದುಕೊಳ್ಳೋದು ನಿಲ್ಲುವವರೆಗೂ ಅವಳು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದಳು. ಹೋಗಿ ಬರೋರೆಲ್ಲ ನೋಡುತ್ತಿದ್ದರು. ನಾನು ಕಡ್ಡಿ ಮುರಿಯಲಿಲ್ಲ, ಚಪ್ಪಲಿ ಒದರಲಿಲ್ಲ. ಸುಮ್ಮನೆ ಕೂತಿದ್ದೆ.